ವಾರಕ್ಕೊಂದು ಪಾರಾಶಾ: ತೊಡಕಿನಿಂದ ಹೊರಟು ಅಳತೆಗೆ ತಲುಪುವ ಓದು

ಪ್ರಶ್ನೆ: ಯಹೂದಿಗಳು ಪ್ರತಿ ವಾರ ತೋರಾದ ಒಂದು ಭಾಗ ಓದಿ, ಮನೆಗೆ, ಕೆಲಸಕ್ಕೆ, ನೆರೆಹೊರೆಗೆ ಬೇಕಾದ ಬುದ್ಧಿಯನ್ನು ಅದರಿಂದ ತೆಗೆದುಕೊಳ್ಳುತ್ತಾರೆಂದು ಕೇಳಿ ನಾನೂ ಕನ್ನಡ ಸತ್ಯವೇದ ಹಿಡಿದು ಶುರು ಮಾಡಿದೆ. ಆದಿಕಾಂಡದ ಕಥೆಗಳು ಓದಿಸಿಕೊಂಡು ಹೋದವು. ಆಮೇಲೆ ಗುಡಾರದ ಅಳತೆ, ಬಲಿಯ ವಿಧಿ, ಹೆಸರುಗಳ ಪಟ್ಟಿ ಬಂದು ಓದು ನಿಂತಿತು. ಒಳ್ಳೆಯ ಮಾತು ಸಿಕ್ಕಾಗಲೂ ಕೊನೆಗೆ ‘ಒಳ್ಳೆಯವರಾಗಿರಬೇಕು’ ಎಂಬಲ್ಲಿಗೇ ಬಂದು ಮುಗಿಯುತ್ತದೆ. ಅವರು ಇದನ್ನು ನಿಜವಾಗಿ ಹೇಗೆ ಮಾಡುತ್ತಾರೆ? ಹಬ್ಬಗಳಿಗೂ ಇದೇ ದಾರಿಯೇ?

ಉತ್ತರ: ಓದು ಎಲ್ಲಿ ನಿಂತಿತೆಂದು ಗುರುತಿಸಿ ಹೇಳಿದ್ದು ಒಳ್ಳೆಯದಾಯಿತು. ಯಹೂದಿ ಪರಂಪರೆಯಲ್ಲಿ ಓದು ಶುರುವಾಗುವುದೇ ಎಡವಿದ ಕಲ್ಲಿನ ಹತ್ತಿರ. ಬೇಡದ ಕಡೆ ಬಂದ ಒಂದು ಪದ, ಎರಡನೆಯ ಸಲ ಹೇಳಿದ ಮಾತು, ಇರಬೇಕಾದಲ್ಲಿ ಇಲ್ಲದ ವಿವರ: ಇಂಥ ತೊಡಕು ಕಂಡ ಕೂಡಲೇ ಅಲ್ಲಿ ಕೂತು ‘ಇದು ಇಲ್ಲಿ ಯಾಕಿದೆ?’ ಎಂದು ಕೇಳುತ್ತಾರೆ. ಆ ವಿಚಾರ ಮುಗಿಯುವುದು ಅಳತೆಯಲ್ಲಿ: ಎಷ್ಟು, ಯಾರಿಗೆ, ಯಾವ ಹೊತ್ತಿನೊಳಗೆ. ನೀವು ತೊಡಕನ್ನು ದಾಟಿ ಓಡಿದ್ದೀರಿ, ಅಳತೆಯ ತನಕ ಹೋಗಿಲ್ಲ. ಮಧ್ಯದ ಒಳ್ಳೆಯ ಮಾತು ಮಾತ್ರ ಕೈಗೆ ಸಿಕ್ಕಿದೆ, ಅದು ಬಹಳ ದಿನ ನಿಲ್ಲುವುದಿಲ್ಲ.

ಮೊದಲು ವರ್ಷದ ಲೆಕ್ಕ. ತೋರಾ ಎಂದರೆ ಆದಿಕಾಂಡದಿಂದ ಧರ್ಮೋಪದೇಶಕಾಂಡದವರೆಗಿನ ಐದು ಗ್ರಂಥಗಳು. ಅವನ್ನು 54 ಭಾಗ ಮಾಡಿದ್ದಾರೆ. ಒಂದೊಂದು ಭಾಗವೂ ಒಂದು ಪಾರಾಶಾ. ಆರಂಭದ ಮುಖ್ಯ ಪದವೇ ಅದರ ಹೆಸರು: ಬೆರೇಶಿತ್, ನೋಅಖ್, ಲೆಖ್ ಲೆಖಾ, ವಯೇರಾ, ಹೀಗೆ. ಎಲ್ಲಕ್ಕಿಂತ ಉದ್ದದ ನಾಸೋದಲ್ಲಿ 176 ವಚನಗಳು, ಎಲ್ಲಕ್ಕಿಂತ ಚಿಕ್ಕ ವಯೇಲೆಖ್‌ನಲ್ಲಿ 30. ಸಿಮ್ಖತ್ ತೋರಾ ಹಬ್ಬದ ದಿನ ಕೊನೆಯ ಭಾಗ ಮುಗಿಸಿ, ಅದೇ ಕೂಟದಲ್ಲಿ ಮತ್ತೆ ಮೊದಲ ಭಾಗ ತೆರೆಯುತ್ತಾರೆ. ಯಹೂದಿ ಪಂಚಾಂಗದಲ್ಲೂ ನಮ್ಮದರಂತೆ ಅಧಿಕಮಾಸವಿದೆ, 19 ವರ್ಷಕ್ಕೆ 7 ಸಲ. ಅಧಿಕಮಾಸವಿಲ್ಲದ ವರ್ಷ ವಾರಗಳು ಸಾಲದೆ ಕೆಲವು ಭಾಗಗಳನ್ನು ಜೋಡಿ ಮಾಡಿ ಓದುತ್ತಾರೆ. ಕೆಲವು ಹಬ್ಬಗಳು ಇಸ್ರೇಲಿನಲ್ಲಿ ಒಂದು ದಿನ ಮೊದಲೇ ಮುಗಿಯುವುದರಿಂದ ಕೆಲವು ವರ್ಷ ಅಲ್ಲಿನ ಪಟ್ಟಿಗೂ ಹೊರದೇಶಗಳ ಪಟ್ಟಿಗೂ ಕೆಲವು ವಾರ ಹೊಂದುವುದಿಲ್ಲ. ಎರಡರಲ್ಲಿ ಒಂದನ್ನೇ ಹಿಡಿಯಿರಿ. ಬೆರೆಸಿದರೆ ಒಂದು ಭಾಗ ಗೊತ್ತಾಗದಂತೆ ತಪ್ಪಿಹೋಗುತ್ತದೆ. ವಚನ ಸಂಖ್ಯೆಯ ಮೇಲೂ ಒಂದು ಕಣ್ಣಿರಲಿ: ಹೀಬ್ರೂ ಪ್ರತಿಯ ಯಾಜಕಕಾಂಡ 6:3 ಸತ್ಯವೇದದಲ್ಲಿ 6:10 ಆಗಿರುತ್ತದೆ. ಉಲ್ಲೇಖ ಹುಡುಕಿ ಸಿಗದಿದ್ದರೆ ಆರೇಳು ವಚನ ಮುಂದೆ ನೋಡಿ.

ಯಹೂದಿಗಳ ವಿಶ್ರಾಂತಿ ದಿನವಾದ ಸಬ್ಬತ್ತು ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ. ಶನಿವಾರ ಬೆಳಿಗ್ಗೆ ಸಭಾಮಂದಿರದಲ್ಲಿ ಏಳು ಜನರನ್ನು ಒಬ್ಬೊಬ್ಬರಾಗಿ ಕರೆದು ಪಾರಾಶಾವನ್ನು ಏಳು ತುಂಡಾಗಿ ಓದುತ್ತಾರೆ. ಮನೆಯ ಓದಿಗೆ ಇದೇ ದೊಡ್ಡ ಅನುಕೂಲ: ಭಾನುವಾರ ಮೊದಲ ತುಂಡು, ಸೋಮವಾರ ಎರಡನೆಯದು, ಶನಿವಾರಕ್ಕೆ ಏಳನೆಯದು. ನಾಸೋದಷ್ಟು ಉದ್ದದ ವಾರದಲ್ಲೂ ದಿನಕ್ಕೆ ಸುಮಾರು 25 ವಚನವಷ್ಟೇ. ಹಳೆಯ ನಿಯಮವೊಂದು ತಾಲ್ಮೂದಿನಲ್ಲೇ, ಅಂದರೆ ಹಿಂದಿನ ಗುರುಗಳ ಚರ್ಚೆಗಳ ದೊಡ್ಡ ಸಂಗ್ರಹದಲ್ಲೇ, ಇದೆ: ವಾರದ ಭಾಗವನ್ನು ಎರಡು ಸಲ ಮೂಲದಲ್ಲಿ, ಒಂದು ಸಲ ಅರಾಮಾಯಿಕ್ ಅನುವಾದದಲ್ಲಿ ಓದಬೇಕು. ಅನುವಾದದ ಬದಲು ರಾಶಿಯ ವ್ಯಾಖ್ಯಾನ ಓದುವುದೂ ರೂಢಿ; 1040ರಿಂದ 1105ರವರೆಗೆ ಬಾಳಿದ, ಫ್ರಾನ್ಸಿನ ತ್ರುವಾ ಊರಿನ ಈ ವ್ಯಾಖ್ಯಾನಕಾರರನ್ನು ಬಿಟ್ಟು ಪಾರಾಶಾ ಕಲಿಯುವವರು ಕಡಿಮೆ. ಹೀಬ್ರೂ ಬಾರದ ನೀವು ಎರಡು ಬೇರೆ ಬೇರೆ ಕನ್ನಡ ಅನುವಾದಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಎರಡೂ ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ಮೂಲದಲ್ಲಿ ಏನೋ ಗಂಟಿದೆ ಎಂದು ತಿಳಿಯಿರಿ. ಅನುವಾದ ಒಂದನ್ನು ಮಾತ್ರ ಮುಚ್ಚಿಡುತ್ತದೆ, ಮರುಕಳಿಸುವ ಪದವನ್ನು. ಯೋಸೇಫನ ಅಣ್ಣಂದಿರು ರಕ್ತದಲ್ಲಿ ಅದ್ದಿದ ಅಂಗಿಯನ್ನು ತಂದೆಯ ಮುಂದಿಟ್ಟು ‘ಹಕೆರ್ ನಾ’, ಗುರುತಿಸು, ಎನ್ನುತ್ತಾರೆ. ಮುಂದಿನ ಅಧ್ಯಾಯದಲ್ಲೇ ತಾಮಾರಳು ಯೆಹೂದನ ಮುದ್ರೆ ಮತ್ತು ಕೋಲನ್ನು ಕಳಿಸಿ ಅದೇ ಎರಡು ಪದ ಹೇಳುತ್ತಾಳೆ. ಅಂಗಿ ತೋರಿಸಿದ ಅಣ್ಣಂದಿರಲ್ಲಿ ಆ ಯೆಹೂದನೂ ಇದ್ದ. ಅಪ್ಪನಿಗೆ ಹಾಕಿದ ಪದ ಮಗನಿಗೆ ತಿರುಗಿ ಬಂತು ಎಂದು ಹಿಂದಿನವರು ಓದಿದ್ದು ಹೀಗೆ.

ಈಗ ಒಂದು ಪಾರಾಶಾವನ್ನು ಬಿಡಿಸಿ ನೋಡೋಣ. ವಯೇರಾದ ಆರಂಭ, ಆದಿಕಾಂಡ 18. ಬಿಸಿಲೇರಿದ ಹೊತ್ತು, ಮೂವರು ಅಪರಿಚಿತರು ಬರುತ್ತಾರೆ. ಅಬ್ರಹಾಮ ‘ಒಂದು ತುತ್ತು ರೊಟ್ಟಿ ತರುತ್ತೇನೆ’ ಎನ್ನುತ್ತಾನೆ. ಆಮೇಲೆ ನಡೆಯುವುದೇನು? ಮೂರು ಸೆಆ ಹಸನಾದ ಹಿಟ್ಟು, ಅಂದರೆ 20 ಲೀಟರಿಗೂ ಮೀರಿದ ಅಳತೆ, ಎಳೆಯ ಕರು, ಬೆಣ್ಣೆ, ಹಾಲು. ಮೂರು ಜನಕ್ಕೆ ಇಷ್ಟು ಯಾಕೆ, ಹೇಳಿದ್ದಕ್ಕೂ ಮಾಡಿದ್ದಕ್ಕೂ ಇಷ್ಟು ಅಂತರ ಯಾಕೆ? ತೊಡಕು ಇದು. ತಾಲ್ಮೂದಿನ ಉತ್ತರ: ಸಜ್ಜನರು ಹೇಳುವುದು ಕಡಿಮೆ, ಮಾಡುವುದು ಹೆಚ್ಚು. ಇಲ್ಲಿಗೆ ನಿಲ್ಲಿಸಿದರೆ ಅದು ಗೋಡೆಗೆ ಬರೆದ ಸುಭಾಷಿತ. ಅಳತೆಗೆ ಇಳಿಸಿ: ಈ ವಾರ ಯಾರಿಗಾದರೂ ಕೆಲಸ ಒಪ್ಪಿಕೊಳ್ಳುವಾಗ ನಿಮಗೆ ಖಚಿತವಾಗಿ ಆಗುವುದಕ್ಕಿಂತ ಒಂದು ದಿನ ಹೆಚ್ಚು ಕೇಳಿ, ಒಂದು ದಿನ ಮೊದಲೇ ಮುಗಿಸಿ ಕೊಡಿ. ಅತಿಥಿಯನ್ನು ‘ಒಂದು ಲೋಟ ಕಾಫಿ ಕುಡಿದು ಹೋಗಿ’ ಎಂದು ಕರೆಯಿರಿ, ತಿಂಡಿ ಮೊದಲೇ ಸಿದ್ಧವಿರಲಿ. ದೊಡ್ಡ ಊಟವೆಂದು ಕರೆದರೆ ಬರುವವರೇ ಸಂಕೋಚಪಟ್ಟು ಹಿಂಜರಿಯುತ್ತಾರೆ. ತುತ್ತು ಎಂದದ್ದಕ್ಕೆ ಆ ಕಾರಣವೂ ಇದ್ದೀತು.

ಅದೇ ಪುಟದಲ್ಲಿ ಇನ್ನೂ ಒಂದು ತೊಡಕಿದೆ. ಮಗು ಹುಟ್ಟುತ್ತದೆಂದು ಕೇಳಿ ಸಾರಾ ಒಳಗೊಳಗೇ ನಕ್ಕು ‘ನನ್ನ ಯಜಮಾನನೂ ಮುದುಕ’ ಎಂದುಕೊಳ್ಳುತ್ತಾಳೆ. ಮುಂದಿನ ವಚನದಲ್ಲಿ ದೇವರು ಅಬ್ರಹಾಮನಿಗೆ ಅದನ್ನು ತಿಳಿಸುವಾಗ ಮಾತು ಬದಲಾಗುತ್ತದೆ: ‘ನಾನು ಮುದುಕಿ ಎಂದು ಸಾರಾ ಯಾಕೆ ನಕ್ಕಳು?’ ಗಂಡನ ಕುರಿತ ಮಾತು ಮಾಯ. ಗಂಡಹೆಂಡಿರ ನಡುವಿನ ಶಾಂತಿಗಾಗಿ ದೇವರೇ ಮಾತನ್ನು ತಿರುಗಿಸಿದ ಎಂದು ತಾಲ್ಮೂದ್ ಹೇಳುತ್ತದೆ. ಅಳತೆ ಏನು? ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ, ಕೇಳುವವರ ಮನಸ್ಸಿಗೆ ಚುಚ್ಚುವ, ಆದರೆ ಅವರಿಗೆ ತಿಳಿಯಲೇಬೇಕಾದ ಅಗತ್ಯವಿಲ್ಲದ ಒಂದು ಎಳೆ ಕಂಡರೆ ಅದನ್ನು ಬಿಟ್ಟು ಹೇಳಿ. ಅತ್ತೆಯ ಮಾತನ್ನು ಹೆಂಡತಿಗೆ, ಮೇಲಧಿಕಾರಿಯ ಮಾತನ್ನು ಕೆಳಗಿನವರಿಗೆ ಮುಟ್ಟಿಸುವವರು ದಿನಕ್ಕೆ ಹತ್ತು ಸಲ ಈ ಕವಲಿನಲ್ಲಿ ನಿಲ್ಲುತ್ತಾರೆ. ಇದರ ಮಿತಿಯನ್ನೂ ಕಾಣಬೇಕು. ಹಣ, ಆರೋಗ್ಯ, ಮೋಸದ ವಿಷಯ ಮುಚ್ಚಿಡಲು ಈ ವಚನ ಅನುಮತಿ ಕೊಡುವುದಿಲ್ಲ. ಸಾರಾ ನಕ್ಕಿಲ್ಲವೆಂದು ಹೇಳಿದಾಗ ‘ಇಲ್ಲ, ನಕ್ಕೆ’ ಎಂದು ಅಲ್ಲೇ ತಿದ್ದಲಾಗುತ್ತದೆ.

ನೀವು ಕೈಬಿಟ್ಟ ಗುಡಾರ ಮತ್ತು ಬಲಿಯ ಅಧ್ಯಾಯಗಳು ಇದಕ್ಕಿಂತ ಫಲವತ್ತಾದವು, ಏಕೆಂದರೆ ಅಲ್ಲಿ ತೊಡಕು ಸಾಲಿಗೊಂದು. ತೆರೂಮಾ ಭಾಗದಲ್ಲಿ ಆಜ್ಞೆಯ ಕಲ್ಲಿನ ಹಲಗೆಗಳನ್ನಿಡುವ ಮಂಜೂಷಕ್ಕೆ ಹೊರಗೂ ಒಳಗೂ ಚಿನ್ನದ ತಗಡು ಹೊದಿಸಬೇಕೆಂದಿದೆ. ಮುಚ್ಚಿದ ಪೆಟ್ಟಿಗೆಯ ಒಳಮೈಗೆ ಚಿನ್ನ ಯಾರು ನೋಡಲಿಕ್ಕೆ? ಒಳಗು ಹೊರಗಿನಂತಿಲ್ಲದ ಪಂಡಿತ ಪಂಡಿತನೇ ಅಲ್ಲ ಎಂದು ರಾವ ಎಂಬ ಗುರು ಇದರಿಂದಲೇ ಹೇಳಿದರು. ನಾಸೋದ ಕೊನೆಗೆ ಹನ್ನೆರಡು ಕುಲಗಳ ನಾಯಕರು ಕಾಣಿಕೆ ತರುತ್ತಾರೆ: 130 ಶೆಕೆಲ್ ತೂಕದ ಬೆಳ್ಳಿ ಪಾತ್ರೆ, 70 ಶೆಕೆಲ್ ತೂಕದ ಬೆಳ್ಳಿ ಬೋಗುಣಿ, 10 ಶೆಕೆಲ್ ತೂಕದ ಚಿನ್ನದ ಸೌಟು, ಮುಂದೆ ಪ್ರಾಣಿಗಳು. ಹನ್ನೆರಡೂ ಕಾಣಿಕೆ ಒಂದೇ ಥರ, ಆದರೂ ಹನ್ನೆರಡು ಸಲ ಪೂರ್ತಿ ಬರೆದಿದೆ. ಅಧ್ಯಾಯ 89 ವಚನಕ್ಕೆ ಬೆಳೆದಿದೆ. ‘ಉಳಿದವರೂ ಹಾಗೆಯೇ ತಂದರು’ ಎಂದು ಒಂದು ಸಾಲು ಬರೆಯಬಹುದಿತ್ತು. ಕಾಣಿಕೆ ಒಂದೇ ಆದರೂ ತಂದವನ ಮನಸ್ಸು ಬೇರೆ, ಅವನ ದಿನ ಬೇರೆ ಎಂಬುದು ವ್ಯಾಖ್ಯಾನಕಾರರ ಉತ್ತರ. ಹಾಗಾಗಿ ಹತ್ತು ಜನ ಸೇರಿ ಮಾಡಿದ ಕೆಲಸಕ್ಕೆ ‘ಎಲ್ಲರಿಗೂ ಧನ್ಯವಾದ’ ಎಂದು ಒಂದೇ ಉಸಿರಿನಲ್ಲಿ ಮುಗಿಸಬೇಡಿ. ಹತ್ತು ಹೆಸರು, ಹತ್ತು ವಾಕ್ಯ. ಹೊತ್ತು ಹಿಡಿಯುತ್ತದೆ, ತೋರಾವೂ ಅಲ್ಲಿ ಜಾಗ ಉಳಿಸಲಿಲ್ಲ.

ಬಲಿಯ ವಿಧಿಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ಕಾಣುವುದು ಬೂದಿಯ ವಚನ. ತ್ಸಾವ್ ಭಾಗದಲ್ಲಿ, ಸತ್ಯವೇದದ ಯಾಜಕಕಾಂಡ 6:10-11. ದೇವಾಲಯದ ದಿನದ ಕೆಲಸ ಶುರುವಾಗುವುದು ಮಂಗಳಾರತಿಯಂಥ ವೈಭವದಿಂದಲ್ಲ, ನಿನ್ನೆಯ ಬೂದಿ ತೆಗೆಯುವುದರಿಂದ. ಅದನ್ನು ಮಾಡುವವನು ಆಳಲ್ಲ, ಯಾಜಕ. ಬೂದಿಯನ್ನು ಪಾಳೆಯದ ಹೊರಗೆ ಒಯ್ಯುವಾಗ ಬಟ್ಟೆ ಬದಲಿಸಬೇಕು. ಯಜಮಾನನಿಗೆ ಅಡುಗೆ ಮಾಡಿದ ಬಟ್ಟೆಯಲ್ಲೇ ಅವನಿಗೆ ಪಾನೀಯ ಬಡಿಸುವುದು ತರವಲ್ಲ ಎಂದು ರಾಶಿ ವಿವರಿಸುತ್ತಾರೆ. ಒಲೆ ಹೊತ್ತಿಸುವ ಮೊದಲು ಬೂದಿ ತೋಡುವ ಅಡುಗೆಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಳತೆಗೆ ಇಳಿಸಿದರೆ: ದಿನದ ಮೊದಲ ಹತ್ತು ನಿಮಿಷ ನಿನ್ನೆಯದಕ್ಕೆ. ತೊಳೆಯದ ಪಾತ್ರೆ, ಉತ್ತರಿಸದ ಪತ್ರ, ಅರ್ಧ ಬಿಟ್ಟ ಮಾತು. ಮನೆಯ ಹಿರಿಯರೇ ಅದನ್ನು ಮಾಡಲಿ. ಈ ಕೆಲಸದಲ್ಲೂ ಕೆಟ್ಟದ್ದು ಹೇಗಾಯಿತೆಂದು ಮಿಶ್ನಾದ, ಅಂದರೆ ತಾಲ್ಮೂದಿಗೆ ಆಧಾರವಾದ ಹಳೆಯ ನಿಯಮ ಸಂಗ್ರಹದ, ಯೋಮಾ ಪ್ರಕರಣ ಬರೆದಿಟ್ಟಿದೆ. ಬೂದಿ ತೆಗೆಯುವ ಪುಣ್ಯಕ್ಕಾಗಿ ಯುವ ಯಾಜಕರು ವೇದಿಕೆಯ ಇಳಿಜಾರಿನಲ್ಲಿ ಓಟದ ಪಂದ್ಯ ಕಟ್ಟುತ್ತಿದ್ದರು. ಒಮ್ಮೆ ಒಬ್ಬ ಇನ್ನೊಬ್ಬನನ್ನು ತಳ್ಳಿ, ಬಿದ್ದವನ ಕಾಲು ಮುರಿಯಿತು. ಅಂದಿನಿಂದ ಚೀಟಿ ಎತ್ತುವ ಪದ್ಧತಿ ಬಂತು. ವಿನಯದ ಕೆಲಸವೂ ಮೇಲಾಟವಾಗುತ್ತದೆ, ಹಾಗಾದಾಗ ಸರದಿ ಹಾಕಬೇಕು. ಸೇವೆಗೆಂದು ಸೇರಿದ ಯಾವ ತಂಡಕ್ಕೂ ಬೇಕಾದ ಎಚ್ಚರ ಇದು.

ನಿಯಮಗಳೇ ತುಂಬಿದ ಭಾಗಗಳಲ್ಲಿ, ಅಂದರೆ ಮಿಶ್ಪಾತಿಮ್, ಕೆದೋಶಿಮ್, ಬೆಹಾರ್, ಕಿ ತೇತ್ಸೇಗಳಲ್ಲಿ, ಅಳತೆಯನ್ನು ನೀವು ಕಟ್ಟಬೇಕಿಲ್ಲ, ಹಿಂದಿನವರು ಕಟ್ಟಿಟ್ಟಿದ್ದಾರೆ. ಮೊದಲ ವರ್ಷ ಇವುಗಳಿಂದಲೇ ಶುರು ಮಾಡಿ ಎಂಬುದು ನನ್ನ ಸಲಹೆ. ಕೂಲಿಯನ್ನು ಬೆಳಗಿನ ತನಕ ನಿನ್ನಲ್ಲಿಟ್ಟುಕೊಳ್ಳಬೇಡ ಎಂದು ಯಾಜಕಕಾಂಡ 19:13. ಮಿಶ್ನಾ ಇದನ್ನು ಗಂಟೆಗೆ ಇಳಿಸುತ್ತದೆ: ಹಗಲು ದುಡಿದವನಿಗೆ ಆ ರಾತ್ರಿ ಮುಗಿಯುವುದರೊಳಗೆ, ರಾತ್ರಿ ದುಡಿದವನಿಗೆ ಮರುದಿನ ಮುಗಿಯುವುದರೊಳಗೆ. ಧರ್ಮೋಪದೇಶಕಾಂಡ 24:15 ‘ಅವನು ಅದರ ಮೇಲೆ ಪ್ರಾಣ ಇಟ್ಟುಕೊಂಡಿದ್ದಾನೆ’ ಎನ್ನುತ್ತದೆ. ತಾಲ್ಮೂದ್ ಕೇಳುತ್ತದೆ: ಈತ ಏಣಿ ಹತ್ತಿ, ಮರಕ್ಕೆ ಜೋತುಬಿದ್ದು, ಸಾವಿಗೆ ಮೈಯೊಡ್ಡಿದ್ದು ಈ ಕೂಲಿಗಾಗಿಯೇ ಅಲ್ಲವೇ? ಮನೆಗೆ ಗಾರೆಯವರೋ ಬಣ್ಣದವರೋ ತೆಂಗಿನಕಾಯಿ ಇಳಿಸುವವರೋ ಬರುವ ದಿನ ಬೆಳಿಗ್ಗೆಯೇ ಚಿಲ್ಲರೆ ಸಮೇತ ದುಡ್ಡು ಎಣಿಸಿಡಿ. ಹೆಚ್ಚಿನವರು ತಪ್ಪುವುದು ಕೆಟ್ಟತನದಿಂದಲ್ಲ, ಸಂಜೆ ಐದಕ್ಕೆ ಕೈಯಲ್ಲಿ ದುಡ್ಡಿಲ್ಲದೆ ‘ನಾಳೆ ಬಾ’ ಎನ್ನುವುದರಿಂದ. ಕೊಡಲು ಇರುವಾಗ ‘ಹೋಗಿ ನಾಳೆ ಬಾ’ ಎನ್ನಬೇಡ ಎಂದು ಜ್ಞಾನೋಕ್ತಿಗಳಲ್ಲೂ ಇದೆ.

ಕಿ ತೇತ್ಸೇಯಲ್ಲಿ ಹೊಸ ಮನೆಯ ತಾರಸಿಗೆ ಗೋಡೆ ಕಟ್ಟಬೇಕೆಂದಿದೆ. ಎತ್ತರ ಹತ್ತು ತೆಫಖ್, ಹತ್ತು ಹಿಡಿಯಗಲ, ಸುಮಾರು 80ರಿಂದ 96 ಸೆಂಟಿಮೀಟರ್. ಬಾವಿಗೂ ಇಷ್ಟೇ ಎತ್ತರದ ಕಟ್ಟೆ ಬೇಕು, ಇಲ್ಲವೇ ಮುಚ್ಚಳ ಬೇಕು, ನೀರಿರಲಿ ಇಲ್ಲದಿರಲಿ ಎಂದು ಹನ್ನೆರಡನೆಯ ಶತಮಾನದ ಧರ್ಮಶಾಸ್ತ್ರಜ್ಞ ಮೈಮೋನಿಡೀಸ್ ಬರೆಯುತ್ತಾರೆ. ಕಚ್ಚುವ ನಾಯಿ ಸಾಕಬಾರದು, ಅಲುಗಾಡುವ ಏಣಿ ಮನೆಯಲ್ಲಿಡಬಾರದು ಎಂದು ತಾಲ್ಮೂದ್ ಇದೇ ವಚನದಿಂದ ತೆಗೆಯಿತು. ಆ ವಾರದ ಪಾಠ ಮಾತಿನಲ್ಲಿ ಇರಬೇಕಾಗಿಲ್ಲ: ಸಂಪಿನ ಮುಚ್ಚಳ, ಮಗುವಿನ ಕೈಗೆಟಕುವ ಸ್ವಿಚ್ಚು, ಸ್ನಾನದಮನೆಯ ಜಾರುವ ಕಲ್ಲು ನೋಡಿ ಬನ್ನಿ. ಒಂದನ್ನು ಶನಿವಾರದೊಳಗೆ ಸರಿಪಡಿಸಿ.

ಮಿಶ್ಪಾತಿಮ್‌ನಲ್ಲಿ ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಕೆಳಗೆ ಬಿದ್ದಿದ್ದರೆ ಬಿಟ್ಟುಹೋಗಬೇಡ, ಅವನ ಜೊತೆಗೂಡಿ ಎತ್ತು ಎಂದಿದೆ. ಇಲ್ಲಿ ಎರಡು ಸೂಕ್ಷ್ಮಗಳಿವೆ. ಗೆಳೆಯನ ಪ್ರಾಣಿಯ ಹೊರೆ ಇಳಿಸುವುದು, ಶತ್ರುವಿನ ಪ್ರಾಣಿಗೆ ಹೊರೆ ಏರಿಸುವುದು ಎರಡೂ ಒಟ್ಟಿಗೆ ಬಂದರೆ ಶತ್ರುವಿನದು ಮೊದಲು, ಸ್ವಂತ ಮನಸ್ಸನ್ನು ಬಗ್ಗಿಸುವ ಸಲುವಾಗಿ. ಇನ್ನೊಂದು, ‘ಜೊತೆಗೂಡಿ’ ಎಂಬ ಪದ. ಮಾಲೀಕ ಪಕ್ಕಕ್ಕೆ ಕೂತು ‘ಪುಣ್ಯ ನಿನ್ನದು, ನೀನೇ ಇಳಿಸು’ ಎಂದರೆ ನಿನಗೆ ಹೊಣೆ ಇಲ್ಲ. ಆತ ಮುದುಕನೋ ರೋಗಿಯೋ ಆಗಿದ್ದರೆ ಹೊಣೆ ಇದೆ. ಸಹಾಯ ಮಾಡಿ ಮಾಡಿ ಸೋತವರಿಗೆ ಈ ಒಂದು ಪದ ದೊಡ್ಡ ಆಸರೆ. ಬೆಹಾರ್‌ನ ವ್ಯಾಪಾರದ ನಿಯಮಕ್ಕೂ ಹೀಗೇ ಲೆಕ್ಕವಿದೆ: ನ್ಯಾಯದ ಬೆಲೆಗಿಂತ ಸರಿಯಾಗಿ ಆರನೇ ಒಂದು ಪಾಲು ಹೆಚ್ಚು ತೆಗೆದುಕೊಂಡಿದ್ದರೆ ಹೆಚ್ಚಿನದನ್ನು ಮರಳಿಸಬೇಕು, ಅದಕ್ಕೂ ಮೀರಿದರೆ ವ್ಯಾಪಾರವೇ ರದ್ದಾಗಬಹುದು. ಕೊಳ್ಳುವ ಮನಸ್ಸಿಲ್ಲದೆ ಅಂಗಡಿಯವನನ್ನು ‘ಇದೆಷ್ಟು?’ ಎಂದು ಕೇಳುವುದೂ ಮಾತಿನ ಮೋಸ ಎಂದು ಮಿಶ್ನಾ ಸೇರಿಸುತ್ತದೆ.

ಎಲ್ಲಿ ತಪ್ಪಾಗುತ್ತದೆ? ಹೆಚ್ಚಾಗಿ, ಪಾಠ ಮೊದಲೇ ತಲೆಯಲ್ಲಿದ್ದು ಅದಕ್ಕೆ ವಚನ ಹುಡುಕುವುದರಲ್ಲಿ. ಪರೀಕ್ಷೆ ಸುಲಭ: ಆ ವಚನ ಮುಚ್ಚಿಟ್ಟರೂ ನಿಮ್ಮ ಪಾಠ ಹಾಗೇ ನಿಲ್ಲುತ್ತದೆಯೇ? ನಿಂತರೆ ಅದು ವಚನದಿಂದ ಬಂದದ್ದಲ್ಲ. ಜೆರುಸಲೇಮಿನ ಬೈಬಲ್ ಶಿಕ್ಷಕಿ ನೆಖಾಮಾ ಲೈಬೋವಿಟ್ಸ್ 1942ರಿಂದ ಸುಮಾರು ಮೂರು ದಶಕ ಪ್ರತಿವಾರದ ಪಾರಾಶಾಕ್ಕೆ ಪ್ರಶ್ನೆಗಳ ಹಾಳೆ ತಯಾರಿಸಿ ಅಂಚೆಯಲ್ಲಿ ಕಳಿಸಿ, ಬಂದ ಉತ್ತರಗಳನ್ನು ತಾವೇ ತಿದ್ದುತ್ತಿದ್ದರು. ಅವರ ಹೆಸರಾದ ಪ್ರಶ್ನೆ ಒಂದೇ: ‘ರಾಶಿಗೆ ಇಲ್ಲಿ ಏನು ಕಷ್ಟವಾಯಿತು?’ ವ್ಯಾಖ್ಯಾನ ಓದುವಾಗ ಇದನ್ನು ಕೇಳಿಕೊಂಡರೆ ತೊಡಕು ತಾನಾಗಿ ಕಾಣುತ್ತದೆ. ಇನ್ನೊಂದು ತಪ್ಪು, ಪೂರ್ವಜರನ್ನೆಲ್ಲ ತಪ್ಪಿಲ್ಲದವರಾಗಿ ಓದುವುದು. ಹದಿಮೂರನೆಯ ಶತಮಾನದ ವ್ಯಾಖ್ಯಾನಕಾರ ನಾಖ್ಮನಿಡೀಸ್, ಐಗುಪ್ತದಲ್ಲಿ ಹೆಂಡತಿಯನ್ನು ತಂಗಿ ಎಂದು ಹೇಳಿ ಅಪಾಯಕ್ಕೊಡ್ಡಿದ ಅಬ್ರಹಾಮ ಅರಿಯದೆ ದೊಡ್ಡ ತಪ್ಪು ಮಾಡಿದ ಎಂದೇ ಬರೆದಿದ್ದಾರೆ. ಯಾಕೋಬ ಒಬ್ಬ ಮಗನಿಗೆ ಮಾತ್ರ ಅಂದದ ಅಂಗಿ ಹೊಲಿಸಿದ್ದನ್ನು ತಾಲ್ಮೂದ್ ತೂಕ ಹಾಕಿ ಹೇಳುತ್ತದೆ: ಉಳಿದವರಿಗೆ ಕೊಡದೆ ಒಬ್ಬನಿಗೆ ಕೊಟ್ಟ ಎರಡು ಸೆಲಾ, ಅಂದರೆ ಎರಡು ನಾಣ್ಯದ, ತೂಕದ ನೂಲಿನಿಂದ ಅಣ್ಣಂದಿರ ಹೊಟ್ಟೆಕಿಚ್ಚು ಹುಟ್ಟಿ, ನಮ್ಮ ಪೂರ್ವಜರು ಐಗುಪ್ತಕ್ಕೆ ಇಳಿಯುವಂತಾಯಿತು. ಮಕ್ಕಳ ನಡುವೆ ಭೇದ ಮಾಡುವವರಿಗೆ ಇದಕ್ಕಿಂತ ನಿಖರವಾದ ಎಚ್ಚರಿಕೆ ಇಲ್ಲ.

ಎಲ್ಲಕ್ಕಿಂತ ಹಾನಿಕರವಾದದ್ದು, ಶುಕ್ರವಾರ ರಾತ್ರಿಯ ಊಟದಲ್ಲಿ ಪಾರಾಶಾವನ್ನು ಬಾಣ ಮಾಡಿಕೊಳ್ಳುವುದು. ‘ನೋಡು, ಈ ವಾರ ಚಾಡಿಯ ವಿಷಯ ಬಂದಿದೆ’ ಎಂದು ಎದುರಿಗಿದ್ದವರನ್ನು ನೋಡಿ ಹೇಳಿದ ಕ್ಷಣ ಆ ವಾರದ ಓದು ಆ ಮನೆಯಲ್ಲಿ ಸತ್ತಿತು. ಯಾಜಕಕಾಂಡ 19:17 ಬುದ್ಧಿ ಹೇಳು ಎನ್ನುತ್ತದೆ, ಜೊತೆಗೇ ‘ಅವನ ಕಾರಣ ಪಾಪ ಹೊರಬೇಡ’ ಎಂದೂ ಸೇರಿಸುತ್ತದೆ. ಎದುರಿನವನ ಮುಖ ಬಣ್ಣಗೆಡುವಂತೆ ಹೇಳಬಾರದು ಎಂಬುದು ಅದರ ಅರ್ಥ. ಮೇಜಿನ ನಿಯಮ ಒಂದೇ ಇರಲಿ: ಪ್ರತಿಯೊಬ್ಬರೂ ತಮ್ಮ ಬಗ್ಗೆ ಮಾತ್ರ ಪಾಠ ಹೇಳಬಹುದು, ಐದು ನಿಮಿಷ ಮೀರಬಾರದು.

ಹಬ್ಬಗಳಿಗೂ ದಾರಿ ಇದೇ, ಆದರೆ ಅಲ್ಲಿ ತೊಡಕು ಆಚರಣೆಯ ವಿವರದಲ್ಲಿರುತ್ತದೆ. ಪೆಸಾಖ್ ಎಂದರೆ ಐಗುಪ್ತದ ದಾಸ್ಯದಿಂದ ಬಿಡುಗಡೆಯಾದದ್ದನ್ನು ನೆನೆಯುವ ಹಬ್ಬ. ಪೆಸಾಖ್‌ನ ಮತ್ಸಾ ರೊಟ್ಟಿಗೆ ಹಿಟ್ಟು, ನೀರು ಬಿಟ್ಟು ಏನೂ ಇಲ್ಲ. ಕಲಸಿದ ಹಿಟ್ಟನ್ನು 18 ನಿಮಿಷ ಸುಮ್ಮನೆ ಬಿಟ್ಟರೆ ಅದು ಹುಳಿಯಿತೆಂದು ಲೆಕ್ಕ. ಪದಾರ್ಥ ಅದೇ, ನಡುವೆ ಇರುವುದು ತಡ ಮಾತ್ರ. ‘ಮತ್ಸೋತ್’ ಎಂದು ಬರೆದ ಅಕ್ಷರಗಳನ್ನೇ ‘ಮಿತ್ಸ್ವೋತ್’, ಅಂದರೆ ಸತ್ಕರ್ಮಗಳು, ಎಂದೂ ಓದಬಹುದೆಂದು ಹಿಂದಿನವರು ತೋರಿಸಿ, ಕೈಗೆ ಬಂದ ಒಳ್ಳೆಯ ಕೆಲಸವನ್ನು ಹುಳಿಯಲು ಬಿಡಬೇಡ, ಕೂಡಲೇ ಮಾಡು ಎಂದರು. ಆಸ್ಪತ್ರೆಯಲ್ಲಿರುವವರಿಗೆ ಫೋನು ಮಾಡಬೇಕೆನಿಸಿತೇ? ನಿಮಗೆ 18 ನಿಮಿಷವಿದೆ. ಆ ಹಬ್ಬದ ಮೊದಲ ರಾತ್ರಿಯ ಸೇದರ್ ಊಟದಲ್ಲಿ ಆ ಬಿಡುಗಡೆಯ ಕಥೆ ಹೇಳುವ ಕ್ರಮವನ್ನು ಮಿಶ್ನಾ ಗೊತ್ತುಮಾಡಿದೆ: ಅವಮಾನದಿಂದ ಆರಂಭಿಸಿ ಹೊಗಳಿಕೆಯಲ್ಲಿ ಮುಗಿಸು, ಮಗುವಿನ ತಿಳಿವಿಗೆ ತಕ್ಕಂತೆ ಹೇಳು. ಜಾಣ, ದುಷ್ಟ, ಮುಗ್ಧ, ಕೇಳಲೂ ಬಾರದವನು ಎಂಬ ನಾಲ್ವರು ಮಕ್ಕಳಿಗೆ ನಾಲ್ಕು ಉತ್ತರ. ಕೊನೆಯವನಿಗೆ ‘ನೀನೇ ಬಾಯಿ ತೆರೆಸು’ ಎಂದಿದೆ. ಮನೆತನದ ಕಥೆಯನ್ನು ಮಕ್ಕಳಿಗೆ ಹೇಳುವವರು ಬಡತನ, ಸೋಲು ಬಿಟ್ಟು ಸಾಧನೆಯಿಂದಲೇ ಶುರು ಮಾಡುತ್ತಾರೆ. ಮಕ್ಕಳು ಅದನ್ನು ನಂಬುವುದಿಲ್ಲ.

ಪಾಪಕ್ಷಮೆಯ ದಿನವಾದ ಯೋಮ್ ಕಿಪ್ಪುರ್‌ನ ಉಪವಾಸ ಸುಮಾರು 25 ಗಂಟೆ. ಆದರೆ ಮನುಷ್ಯ ಮನುಷ್ಯನಿಗೆ ಮಾಡಿದ ತಪ್ಪನ್ನು ಆ ದಿನ ಕಳೆಯುವುದಿಲ್ಲ, ನೊಂದವನನ್ನು ಸಮಾಧಾನ ಮಾಡುವ ತನಕ ಎಂದು ಮಿಶ್ನಾ ಸ್ಪಷ್ಟವಾಗಿ ಹೇಳುತ್ತದೆ. ಮೈಮೋನಿಡೀಸ್ ಕೊಡುವ ಕ್ರಮ ಹೀಗಿದೆ. ಹಣದ ವಿಷಯವಾದರೆ ಮೊದಲು ಹಣ ಕೊಡು. ಕೊಟ್ಟ ಮೇಲೂ ಕ್ಷಮೆ ಕೇಳು. ಒಪ್ಪದಿದ್ದರೆ ಅವನ ಮೂವರು ಗೆಳೆಯರನ್ನು ಕರೆದುಕೊಂಡು ಹೋಗು. ಆಗಲೂ ಒಪ್ಪದಿದ್ದರೆ ಎರಡನೆಯ, ಮೂರನೆಯ ಸಲ. ಆಮೇಲೆ ಬಿಟ್ಟುಬಿಡು, ಈಗ ಹೊರೆ ಕ್ಷಮಿಸದವನ ಮೇಲಿದೆ. ಏನು ತಪ್ಪು ಮಾಡಿದೆ ಎಂದು ಬಿಡಿಸಿ ಹೇಳಬೇಕು. ಹೇಳಿದರೆ ಕೇಳುವವರಿಗೆ ನಾಚಿಕೆಯಾಗುವುದಾದರೆ ಬಿಡಿಸಬಾರದು. ‘ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ’ ಎಂದು ವಾಟ್ಸಾಪಿನಲ್ಲಿ ಇನ್ನೂರು ಜನಕ್ಕೆ ಒಟ್ಟಿಗೆ ಕಳಿಸಿದ ಸಂದೇಶ ಈ ಯಾವ ಅಳತೆಗೂ ನಿಲ್ಲುವುದಿಲ್ಲ. ಹಿಂದಿನ ಎಲೂಲ್ ತಿಂಗಳ 29 ದಿನ, ಹೊಸ ವರ್ಷದ ಮೊದಲ 10 ದಿನ ಈ ಕೆಲಸಕ್ಕೆಂದೇ ಇವೆ. ಮೂರು ಹೆಸರು ಬರೆದುಕೊಳ್ಳಿ, ಮೂರಕ್ಕಿಂತ ಹೆಚ್ಚು ಬೇಡ. ಕಷ್ಟದ ಹೆಸರನ್ನು ಮೊದಲ ವಾರಕ್ಕೆ ಇಡಿ, ಕೊನೆಗಿಟ್ಟರೆ ಉಳಿದುಹೋಗುತ್ತದೆ.

ಸುಕ್ಕೋತ್ ಸುಗ್ಗಿ ಮುಗಿದು ಕಣಜ ತುಂಬಿದ ಮೇಲೆ ಬರುತ್ತದೆ. ಆಗಲೇ ಏಳು ದಿನ ಮನೆ ಬಿಟ್ಟು ಚಪ್ಪರದಲ್ಲಿ ಇರಬೇಕು. ಮೇಲೆ ಹೊದಿಸುವುದು ನೆಲದಲ್ಲಿ ಬೆಳೆದು ಕತ್ತರಿಸಿದ್ದಾಗಿರಬೇಕು, ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ‘ಇದೆಲ್ಲ ನನ್ನ ಕೈಬಲದಿಂದ’ ಎಂಬ ಮಾತು ಬರುವುದು ಕೈ ತುಂಬಿದಾಗ, ಅದಕ್ಕೇ ಈ ಹೊತ್ತು ಎಂದು ರಾಶಿಯ ಮೊಮ್ಮಗ ರಶ್ಬಮ್ ವಿವರಿಸಿದರು. ಮಳೆ ಬಂದರೆ? ಗಂಜಿ ಕೆಡುವಷ್ಟು ಬಂದರೆ ಒಳಗೆ ಹೋಗಬಹುದು. ವ್ರತಕ್ಕೂ ಸಹಜ ಮಿತಿ ಇದೆಯೆನ್ನುವ ಈ ಗಂಜಿಯ ಅಳತೆ ನನಗೆ ಬಹಳ ಪ್ರಿಯವಾದದ್ದು.

ದೀಪದ ಹಬ್ಬ ಹನುಕ್ಕಾದ ಎಂಟು ದಿನ ದಿನಕ್ಕೊಂದು ದೀಪ ಹೆಚ್ಚುತ್ತದೆ. ಆದರೆ ಒಂದೇ ದೀಪಕ್ಕೆ ಎಣ್ಣೆ ಇದ್ದು, ಅದೇ ಶುಕ್ರವಾರ ಸಂಜೆಯಾದರೆ ಸಬ್ಬತ್ತಿನ ಮನೆದೀಪ ಮೊದಲು, ಮನೆಯವರು ಕತ್ತಲಲ್ಲಿ ಎಡವಬಾರದು, ಮನೆಯ ಶಾಂತಿ ದೊಡ್ಡದು. ಎಸ್ತೇರಳ ಕಥೆಯ ಹಬ್ಬ ಪೂರಿಮ್‌ನಲ್ಲಿ ಒಬ್ಬರಿಗೆ ಎರಡು ಬಗೆಯ ತಿನಿಸು, ಇಬ್ಬರು ಬಡವರಿಗೆ ದಾನ; ಖರ್ಚು ಹೆಚ್ಚಿಸುವುದಾದರೆ ದಾನದಲ್ಲಿ ಹೆಚ್ಚಿಸು, ಊಟದಲ್ಲಲ್ಲ. ಗೋಧಿ ಕೊಯ್ಲಿನ ಹಬ್ಬ ಶಾವುವೋತ್‌ನ ತೊಡಕು ಯಾಜಕಕಾಂಡ 23:22. ಹಬ್ಬಗಳ ಪಟ್ಟಿಯ ನಡುವೆ ಹೊಲದ ಅಂಚನ್ನು ಬಡವರಿಗೆ ಬಿಡು ಎಂಬ ವಚನ ಥಟ್ಟನೆ ಬರುತ್ತದೆ. ಆ ಹಬ್ಬಕ್ಕೆ ಓದುವ ಬಡ ವಿಧವೆ ರೂತಳ ಕಥೆ ಅಂಥ ಹೊಲದಲ್ಲೇ ನಡೆಯುತ್ತದೆ. ಅಂಚಿನ ಅಳತೆ ಅರವತ್ತರಲ್ಲಿ ಒಂದು ಪಾಲಿಗೆ ಕಡಿಮೆಯಿರಬಾರದು. ಕೊಯ್ದು ಹಂಚುವಂತಿಲ್ಲ, ನಿಂತ ಪೈರನ್ನೇ ಬಿಡಬೇಕು, ಯಾರು ಬಂದು ಕೊಯ್ಯುತ್ತಾರೆಂದು ಯಜಮಾನ ಆರಿಸುವಂತಿಲ್ಲ. ಕೊಡುವಾಗ ಹಂಗು ಹುಟ್ಟದಂತೆ ಮಾಡುವ ಉಪಾಯ ಇದರಲ್ಲಿದೆ.

ಗ್ರಂಥ ಕೈತಪ್ಪಿದರೂ ಅಳತೆ ಉಳಿಯುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಕೊಂಕಣದಲ್ಲೇ ಸಾಕ್ಷಿ ಇದೆ. ಅಲ್ಲಿನ ಬೆನೆ ಇಸ್ರೇಲ್ ಯಹೂದಿಗಳು ಹಿಂದೆ ಎಣ್ಣೆ ಗಾಣದವರಾಗಿದ್ದರು. ತೋರಾ ಸುರುಳಿ, ಹೀಬ್ರೂ ಭಾಷೆ ಎರಡೂ ಅವರಿಂದ ದೂರವಾಗಿದ್ದ ಕಾಲದಲ್ಲೂ ಶನಿವಾರ ಗಾಣ ತಿರುಗುತ್ತಿರಲಿಲ್ಲ. ಊರವರು ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರ ಬಿಡುವು ಮಾಡುವ ಗಾಣಿಗರು, ಎಂದೇ ಕರೆದರು. ಹರಕೆ ತೀರಿದಾಗ, ಶುಭಕಾರ್ಯಕ್ಕೆ ಮೊದಲು ಅವರು ಪ್ರವಾದಿ ಎಲೀಯನ ಹೆಸರಿನಲ್ಲಿ ಅವಲಕ್ಕಿ, ತೆಂಗಿನ ತುರಿ, ಸಕ್ಕರೆ ಬೆರೆಸಿ ಹಣ್ಣುಗಳೊಂದಿಗೆ ಇಡುವ ಮಲೀದಾ ಇಂದಿಗೂ ನಡೆಯುತ್ತದೆ. ವಾರಕ್ಕೆ ಒಂದು ದಿನದ ಆದಾಯ ಬಿಡುವುದು ಸಣ್ಣ ಮಾತಲ್ಲ, ಆದರೆ ಅದನ್ನು ಮೊಮ್ಮಗನಿಗೆ ಕಲಿಸಲು ಒಂದೇ ವಾಕ್ಯ ಸಾಕಿತ್ತು.

ನಿಮ್ಮ ವಾರವನ್ನು ಹೀಗೆ ಹೊಂದಿಸಿಕೊಳ್ಳಿ. ದಿನಕ್ಕೆ ಹದಿನೈದು ನಿಮಿಷ ಒಂದು ತುಂಡು, ಕೈಯಲ್ಲಿ ಪೆನ್ಸಿಲು. ಎಡವಿದ ಕಡೆ ಗೆರೆ ಎಳೆಯಿರಿ, ಅರ್ಥ ಹುಡುಕಬೇಡಿ. ಗುರುವಾರ ಗೆರೆಗಳಲ್ಲಿ ಒಂದನ್ನು ಮಾತ್ರ ಆರಿಸಿ, ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆಯಿರಿ. ಆಮೇಲೆ ವ್ಯಾಖ್ಯಾನ ನೋಡಿ. ಶುಕ್ರವಾರ ಅದನ್ನು ಒಂದು ಕೆಲಸವಾಗಿ ಬರೆಯಿರಿ. ವಾಕ್ಯದಲ್ಲಿ ಒಬ್ಬರ ಹೆಸರು, ಒಂದು ಅಂಕಿ, ಒಂದು ಗಡುವು ಇರಲೇಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಅದನ್ನು ಹೊಡೆದುಹಾಕಿ ಮತ್ತೆ ಬರೆಯಿರಿ. ಮುಂದಿನ ಗುರುವಾರ ಪುಟ ತೆರೆದು, ಮಾಡಿದ್ದರೆ ಒಂದು ಗುರುತು, ಮಾಡದಿದ್ದರೆ ಯಾಕೆಂದು ಒಂದು ಸಾಲು.

ಕೆಲವು ವಾರ ಏನೂ ಸಿಗುವುದಿಲ್ಲ. ಆಗ ಬಲವಂತವಾಗಿ ಪಾಠ ಹಿಂಡಬೇಡಿ. ತಾಲ್ಮೂದಿನಲ್ಲಿ ಬಗೆಹರಿಯದ ಪ್ರಶ್ನೆಯ ಕೊನೆಗೆ ‘ತೇಕು’ ಎಂದು ಬರೆದಿರುತ್ತದೆ, ನಿಂತಿರಲಿ ಎಂದು ಅರ್ಥ. ನೀವೂ ಪ್ರಶ್ನೆ ಬರೆದು ಕೆಳಗೆ ತೇಕು ಎಂದು ಹಾಕಿ, ಎದುರಿನ ಪುಟ ಖಾಲಿ ಬಿಡಿ. ಬರುವ ವರ್ಷ ಅದೇ ಪಾರಾಶಾ ಬಂದಾಗ ಬರೆಯಲು ಆ ಪುಟ ಬೇಕಾಗುತ್ತದೆ.